ಹೃದಯದ ಆಪರೇಷನ್ ಆದಮೇಲೆ ಎಕ್ಮೋ: ಪಕ್ಕದಲ್ಲಿ ನಿಂತು ನಡೆಸಿದವರ ರಿವ್ಯೂ

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಎಕ್ಮೋ ಅಂದರೆ ಹೃದಯ, ಶ್ವಾಸಕೋಶಗಳ ಕೆಲಸವನ್ನು ಕೆಲವು ದಿನ ದೇಹದ ಹೊರಗಿನಿಂದ ಮಾಡುವ ಯಂತ್ರ. ಅದು ದೇಹವನ್ನು ತುಂಬಾ ಚೆನ್ನಾಗಿ ಕಾಯುತ್ತದೆ. ಮಿದುಳು, ಕಿಡ್ನಿ, ಲಿವರ್ ಎಲ್ಲಕ್ಕೂ ರಕ್ತ ಕಳಿಸುತ್ತದೆ. ಆ ರಕ್ತಕ್ಕೆ ಆಮ್ಲಜನಕ ತುಂಬುತ್ತದೆ, ಇಂಗಾಲದ ಡೈಆಕ್ಸೈಡ್ ತೆಗೆಯುತ್ತದೆ. ಆದರೆ ಯಾವ ಹೃದಯ ಸೋತಿದೆ ಅಂತ ಅದನ್ನು ಹಾಕಿದೆವೋ, ಆ ಹೃದಯವನ್ನು ಅದು ತಾನಾಗಿ ಕಾಯುವುದಿಲ್ಲ. ಕೆಲವು ಸಲ ಅದಕ್ಕೇ ಹೊರೆಯಾಗುತ್ತದೆ. ಹೃದಯವನ್ನು ಕಾಯುವ ಕೆಲಸ ಸುತ್ತ ನಿಂತವರದು. ಹಾಗಾಗಿ ಈ ಯಂತ್ರಕ್ಕೆ ಎಷ್ಟು ಸ್ಟಾರ್ ಅಂತ ಕೇಳಿದರೆ, ನಡೆಸುವ ತಂಡ ಯಾವುದು ಅಂತ ತಿಳಿಯದೆ ಹೇಳಲು ಆಗುವುದಿಲ್ಲ.

ನಾನು ಹೃದಯ ಶಸ್ತ್ರಚಿಕಿತ್ಸೆಯ ಐಸಿಯುನಲ್ಲಿ ನರ್ಸ್. ಈ ಯಂತ್ರದ ಪಕ್ಕ ಕೂತು ರಾತ್ರಿ ಪಾಳಿ ಮಾಡುವುದು ನನ್ನ ಕೆಲಸದ ಭಾಗ. ಹೊರಗೆ ಕುರ್ಚಿ ಮೇಲೆ ಕೂತು ಕಾಯುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಐಸಿಯುಗೆ ಹೊಸದಾಗಿ ಸೇರಿದವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಆಪರೇಷನ್ ಥಿಯೇಟರಿನಲ್ಲಿ ಬಳಸುವ ಹಾರ್ಟ್-ಲಂಗ್ ಯಂತ್ರ ಬೇರೆ, ಐಸಿಯುಗೆ ಬರುವ ಎಕ್ಮೋ ಬೇರೆ. ಎರಡಕ್ಕೂ ಮೂಲ ಒಂದೇ. 1953ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಎಂಬ ಸರ್ಜನ್ ಮೊದಲ ಬಾರಿಗೆ ಯಂತ್ರದ ಸಹಾಯದಿಂದ ಒಬ್ಬ ಯುವತಿಯ ಹೃದಯದೊಳಗಿನ ರಂಧ್ರವನ್ನು ಮುಚ್ಚಿ ಗೆದ್ದರು. ಆ ಕಾಲದ ಯಂತ್ರಗಳಲ್ಲಿ ರಕ್ತ ನೇರವಾಗಿ ಗಾಳಿಗೆ ತಾಗುತ್ತಿತ್ತು. ಕೆಲವು ಗಂಟೆ ಪರವಾಗಿಲ್ಲ, ಜಾಸ್ತಿ ಹೊತ್ತಾದರೆ ರಕ್ತಕಣಗಳು ಒಡೆದುಹೋಗುತ್ತಿದ್ದವು. ರಕ್ತಕ್ಕೂ ಗಾಳಿಗೂ ನಡುವೆ ಒಂದು ತೆಳು ಪೊರೆ ಇಟ್ಟ ಮೇಲೆ ಗಂಟೆಗಳ ಲೆಕ್ಕ ದಿನಗಳ ಲೆಕ್ಕ ಆಯಿತು. 1971ರಲ್ಲಿ ಡೊನಾಲ್ಡ್ ಹಿಲ್ ಮತ್ತು ಅವರ ತಂಡ ಅಪಘಾತದಲ್ಲಿ ಶ್ವಾಸಕೋಶ ಸೋತ 24 ವರ್ಷದ ಒಬ್ಬ ಯುವಕನನ್ನು 75 ಗಂಟೆ ಯಂತ್ರದ ಮೇಲೆ ಇಟ್ಟು ಬದುಕಿಸಿದರು. ಮರುವರ್ಷ ರಾಬರ್ಟ್ ಬಾರ್ಟ್‌ಲೆಟ್, ಹೃದಯದ ಆಪರೇಷನ್ ಆದಮೇಲೆ ಹೃದಯ ಸೋತ 2 ವರ್ಷದ ಮಗುವನ್ನು 36 ಗಂಟೆ ಹೀಗೇ ಕಾದು ಉಳಿಸಿಕೊಂಡರು. ಇವತ್ತು ನಾವು ಮಾಡುವುದು ಆ ಮಗುವಿಗೆ ಮಾಡಿದ್ದನ್ನೇ. ಯಂತ್ರ ಚಿಕ್ಕದಾಗಿದೆ, ಪೊರೆ ಚೆನ್ನಾಗಿದೆ, ಪಂಪ್ ನಯವಾಗಿದೆ. ಉದ್ದೇಶ ಬದಲಾಗಿಲ್ಲ.

ಯಾರಿಗೆ ಹಾಕುತ್ತಾರೆ? ಬೈಪಾಸ್ ಇರಲಿ, ವಾಲ್ವ್ ಇರಲಿ, ಆಪರೇಷನ್ ಮುಗಿದ ಮೇಲೆ ಹಾರ್ಟ್-ಲಂಗ್ ಯಂತ್ರದ ಹರಿವನ್ನು ನಿಧಾನಕ್ಕೆ ಇಳಿಸುತ್ತಾರೆ. ಹೃದಯ ಕೆಲಸವನ್ನು ತಾನೇ ಎತ್ತಿಕೊಳ್ಳಬೇಕು. ಹೆಚ್ಚಿನವರಲ್ಲಿ ಎತ್ತಿಕೊಳ್ಳುತ್ತದೆ. ಕೆಲವರಲ್ಲಿ ಆಗುವುದಿಲ್ಲ. ಬಿಪಿ ಬೀಳುತ್ತದೆ, ಹೃದಯಕ್ಕೆ ಬಲ ಕೊಡುವ ಅಡ್ರಿನಲಿನ್ ಏರಿಸುತ್ತಾರೆ, ಅಂಥದೇ ಇನ್ನೊಂದು ಔಷಧಿ ಮಿಲ್ರಿನೋನ್ ಸೇರಿಸುತ್ತಾರೆ, ದೊಡ್ಡ ರಕ್ತನಾಳದೊಳಗೆ ಹಿಗ್ಗಿ ಕುಗ್ಗಿ ಹೃದಯಕ್ಕೆ ನೆರವಾಗುವ ಬಲೂನ್ ಪಂಪ್ ಹಾಕುತ್ತಾರೆ, ಅಷ್ಟಾದರೂ ಹೃದಯ ಸುಮ್ನೆ ನಡುಗುತ್ತದೆಯೇ ಹೊರತು ರಕ್ತ ಮುಂದೆ ತಳ್ಳುವುದಿಲ್ಲ. ಇನ್ನು ಕೆಲವರಲ್ಲಿ ಥಿಯೇಟರಿನಿಂದ ಬರುವಾಗ ಎಲ್ಲ ಚೆನ್ನಾಗಿದ್ದು ಐಸಿಯುನಲ್ಲಿ ಆ ರಾತ್ರಿಯೇ ಸೋಲು ಶುರುವಾಗುತ್ತದೆ. ಆಗ ಬರುವುದು ಎಕ್ಮೋ.

ಇಲ್ಲಿ ಒಂದು ಮಾತು ನನಗೆ ಬಹಳ ಮುಖ್ಯ. ಆಪರೇಷನ್ನಿನಲ್ಲಿ ಹೃದಯವನ್ನು ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಬಹಳ ಸಲ ಸ್ನಾಯು ಸತ್ತಿರುವುದಿಲ್ಲ, ಮಂಕಾಗಿರುತ್ತದೆ. ಇಂಥ ಹೃದಯ ಕೆಲವು ದಿನ ಸಿಕ್ಕರೆ ಎದ್ದು ನಿಲ್ಲುತ್ತದೆ. ಎಕ್ಮೋ ನಿಜವಾಗಿ ಗೆಲ್ಲುವುದು ಇಂಥವರಲ್ಲೇ. ಆದರೆ ಹೊಸದಾಗಿ ಹೊಲಿದ ರಕ್ತನಾಳ ಮಡಚಿಕೊಂಡಿದ್ದರೆ, ಮುಚ್ಚಿಕೊಂಡಿದ್ದರೆ, ವಾಲ್ವ್ ಸರಿಯಾಗಿ ಕೂರದಿದ್ದರೆ, ಎಷ್ಟು ದಿನ ಯಂತ್ರ ಓಡಿಸಿದರೂ ಆ ತೊಂದರೆ ಹಾಗೇ ಇರುತ್ತದೆ. ಅದನ್ನು ಹುಡುಕಿ ಸರಿ ಮಾಡದೆ ಪಂಪ್ ಓಡಿಸಿದರೆ ಬಿಪಿ ಮಾತ್ರ ಚೆನ್ನಾಗಿ ಕಾಣುತ್ತದೆ, ಒಳಗೆ ಸ್ನಾಯು ಸಾಯುತ್ತಲೇ ಇರುತ್ತದೆ. ಹೃದಯ ಯಾಕೆ ಸೋತಿತು ಅಂತ ಎಕ್ಮೋ ಹಾಕುವ ಹೊತ್ತಿಗೇ, ಇಲ್ಲ ಹಾಕಿದ ಕೂಡಲೇ, ಎಕೋ (ಹೃದಯದ ಅಲ್ಟ್ರಾಸೌಂಡ್) ಮತ್ತು ಬೇಕಾದರೆ ಆಂಜಿಯೋಗ್ರಾಮ್ ಮಾಡಿ ಹುಡುಕುವ ತಂಡ ನನ್ನ ಲೆಕ್ಕದಲ್ಲಿ ಒಳ್ಳೆಯ ತಂಡ.

ಈಗ ಯಂತ್ರದ ಕಡೆಗೆ ಬರೋಣ. ನೋಡಲು ಸರಳ. ಒಂದು ದಪ್ಪ ಪೈಪ್ ದೇಹದಿಂದ ಕಪ್ಪುಗೆಂಪು ರಕ್ತ ತೆಗೆಯುತ್ತದೆ. ಪಂಪ್ ಅದನ್ನು ತಳ್ಳುತ್ತದೆ. ಆಕ್ಸಿಜನೇಟರ್ ಎಂಬ ಡಬ್ಬಿಯಲ್ಲಿ ಅದು ಹಾದು ಹೋಗುತ್ತದೆ. ಇನ್ನೊಂದು ಪೈಪಿನಲ್ಲಿ ಅಚ್ಚ ಕೆಂಪಾಗಿ ಹೊಳೆಯುತ್ತಾ ವಾಪಸ್ ಬರುತ್ತದೆ. ಎರಡು ಪೈಪುಗಳನ್ನು ಪಕ್ಕಪಕ್ಕ ಇಟ್ಟು ಬಣ್ಣ ನೋಡುವುದು ನಾನು ಪಾಳಿಗೆ ಬಂದ ಕೂಡಲೇ ಮಾಡುವ ಮೊದಲ ಕೆಲಸ. ಎರಡರ ಬಣ್ಣವೂ ಒಂದೇ ತರ ಕಪ್ಪಾಗಿದ್ದರೆ ಆಕ್ಸಿಜನ್ ಪೈಪ್ ಕಳಚಿದೆಯಾ ಅಂತ ಮೊದಲು ನೋಡಬೇಕು. ಯಾವ ಪರದೆಯ ಅಂಕಿಗಿಂತಲೂ ಬೇಗ ಹೇಳುವ ಸೂಚನೆ ಇದು.

ಆಕ್ಸಿಜನೇಟರ್ ಒಳಗೆ ಕೂದಲಿನಷ್ಟು ತೆಳುವಾದ ಟೊಳ್ಳು ನಾರುಗಳು ಸಾವಿರಾರು ಇರುತ್ತವೆ. ನಾರಿನ ಒಳಗೆ ಗಾಳಿ, ಹೊರಗೆ ರಕ್ತ. ಹಳೆಯ ನಾರುಗಳು ಪಾಲಿಪ್ರೊಪಿಲೀನ್‌ನವು. ಅವುಗಳ ಸಣ್ಣ ರಂಧ್ರಗಳಿಂದ ರಕ್ತದ ನೀರಿನಂಶ ಸೋರಿ ಬೇಗ ಕೆಡುತ್ತಿದ್ದವು. ಈಗ ಪಾಲಿಮೀಥೈಲ್‌ಪೆಂಟೀನ್ ಎಂಬ ವಸ್ತು ಬಂದಿದೆ, ಅದು ಹಾಗೆ ಸೋರುವುದಿಲ್ಲ, ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಬಾಳುತ್ತದೆ. ಪಂಪಿನ ಕಡೆಯೂ ಒಳ್ಳೆಯ ಬದಲಾವಣೆ ಆಗಿದೆ. ಮೊದಲು ಪೈಪನ್ನು ಉರುಳೆಯಿಂದ ಹಿಂಡುತ್ತಿದ್ದರು. ಈಗ ಹೆಚ್ಚಾಗಿ ತಿರುಗುವ ಚಕ್ರದ ಪಂಪ್, ನಿಮಿಷಕ್ಕೆ 3,000ಕ್ಕೂ ಹೆಚ್ಚು ಸುತ್ತು ಸಾಮಾನ್ಯ. ನಿಮಿಷಕ್ಕೆ 4 ಲೀಟರ್ ಹರಿವು ಅಂದುಕೊಳ್ಳಿ, ದಿನಕ್ಕೆ 5,700 ಲೀಟರ್‌ಗೂ ಜಾಸ್ತಿ ಆಯಿತು. ದೊಡ್ಡವರ ದೇಹದಲ್ಲಿ ಇರುವುದೇ ಸುಮಾರು 5 ಲೀಟರ್ ರಕ್ತ. ಅಂದರೆ ಇಡೀ ರಕ್ತ ಒಂದೂಕಾಲು ನಿಮಿಷಕ್ಕೊಮ್ಮೆ ಈ ಡಬ್ಬಿ ಸುತ್ತಿ ಬರುತ್ತದೆ. ಇಷ್ಟು ದುಡಿಯುವ ಯಂತ್ರ ದಿನಗಟ್ಟಲೆ ನಿಲ್ಲದೆ ಓಡುವುದನ್ನು ನೋಡಿದಾಗ ಅದನ್ನು ಕಟ್ಟಿದವರ ಮೇಲೆ ನನಗೆ ನಿಜಕ್ಕೂ ಗೌರವ ಬರುತ್ತದೆ.

ಮಾದರಿಗಳಲ್ಲಿ ಎರಡು ದಾರಿ ಇವೆ. ಒಂದರಲ್ಲಿ ಪಂಪ್ ಬೇರೆ, ಆಕ್ಸಿಜನೇಟರ್ ಬೇರೆ. ಇನ್ನೊಂದರಲ್ಲಿ ಎರಡೂ ಸೇರಿ ಒಂದೇ ಸೆಟ್. ಕಾರ್ಡಿಯೋಹೆಲ್ಪ್ ಈ ಎರಡನೆಯ ತರದ್ದು, ಯಂತ್ರದ ತೂಕ ಸುಮಾರು 10 ಕೆಜಿ ಅಷ್ಟೇ. ರೋಗಿಯನ್ನು ಸ್ಕ್ಯಾನಿಗೆ ಕರೆದೊಯ್ಯುವಾಗ, ಆಂಬುಲೆನ್ಸಿಗೆ ಏರಿಸುವಾಗ ಇದು ವರ. ಒತ್ತಡ, ತಾಪಮಾನ ಎಲ್ಲ ಅದರಲ್ಲೇ ಕಾಣುತ್ತದೆ. ಆದರೆ ಆಕ್ಸಿಜನೇಟರ್ ಮಾತ್ರ ಕೆಟ್ಟರೂ ಇಡೀ ಸೆಟ್ ಬದಲಿಸಬೇಕು. ಬಿಡಿಬಿಡಿ ಇರುವ ಮಾದರಿಯಲ್ಲಿ ಕೆಟ್ಟದ್ದನ್ನಷ್ಟೇ ಬದಲಿಸಬಹುದು, ಆದರೆ ಜೋಡಣೆಗಳು ಜಾಸ್ತಿ, ಹಾಸಿಗೆಯ ಸುತ್ತ ಪೈಪು ಜಾಸ್ತಿ. ಇನ್ನು ಸೆಂಟ್ರಿಮ್ಯಾಗ್ ಅಂತ ಒಂದು ಪಂಪ್ ಇದೆ. ಅದರ ಚಕ್ರ ಅಯಸ್ಕಾಂತದ ಬಲದಲ್ಲಿ ತೇಲುತ್ತಾ ತಿರುಗುತ್ತದೆ, ಎಲ್ಲೂ ಉಜ್ಜುವುದಿಲ್ಲ. ರಕ್ತಕಣಕ್ಕೆ ಪೆಟ್ಟು ಕಡಿಮೆ. ವಾರಗಟ್ಟಲೆ ಹೃದಯಕ್ಕೆ ಆಸರೆ ಬೇಕಾದಾಗ ಇದನ್ನು ಇಷ್ಟಪಡುವವರು ಹೆಚ್ಚು. ನನಗೆ ಕೇಳಿದರೆ, ಯಾವ ಮಾದರಿ ಅನ್ನುವುದಕ್ಕಿಂತ, ಆ ಪಾಳಿಯಲ್ಲಿ ಇರುವವರು ಯಾವುದನ್ನು ಕಣ್ಣು ಮುಚ್ಚಿ ನಡೆಸಬಲ್ಲರು ಅನ್ನುವುದು ದೊಡ್ಡದು.

ಪೈಪ್ ಹಾಕುವ ಜಾಗದ ಬಗ್ಗೆ ಮನೆಯವರಿಗೆ ಗಾಬರಿ ಆಗುವುದು ಸಹಜ. ಎರಡು ದಾರಿ ಇವೆ. ಎದೆ ಹೇಗೂ ತೆರೆದಿರುವುದರಿಂದ ಹೃದಯದ ಬಲ ಮೇಲ್ಕೋಣೆಯಿಂದ ರಕ್ತ ತೆಗೆದು ನೇರ ಅಯೋರ್ಟಾಕ್ಕೆ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ, ಕೊಡಬಹುದು. ಹರಿವು ಚೆನ್ನಾಗಿ ಸಿಗುತ್ತದೆ, ಆದರೆ ಎದೆಯನ್ನು ಪೂರ್ತಿ ಮುಚ್ಚಲು ಕಷ್ಟ ಆಗಬಹುದು, ರಕ್ತಸ್ರಾವ, ಸೋಂಕಿನ ಭಯ ಹೆಚ್ಚು. ಇನ್ನೊಂದು ತೊಡೆಸಂದಿಯ ದಾರಿ. ರಕ್ತ ತೆಗೆಯುವ ಪೈಪ್ 7-8 ಮಿಲಿಮೀಟರ್ ದಪ್ಪ, ಕೊಡುವ ಪೈಪ್ 5-6 ಮಿಲಿಮೀಟರ್. ತೊಡೆಯ ರಕ್ತನಾಳದಲ್ಲಿ ಅಷ್ಟು ದಪ್ಪದ ಪೈಪ್ ಕೂತರೆ ಕಾಲಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಅಲ್ವಾ? ಅದಕ್ಕೆ ಅದೇ ನಾಳಕ್ಕೆ ಕೆಳಮುಖವಾಗಿ ಎರಡು-ಎರಡೂವರೆ ಮಿಲಿಮೀಟರಿನ ಇನ್ನೊಂದು ಸಣ್ಣ ಪೈಪ್ ಹಾಕಿ ಪಾದದವರೆಗೆ ರಕ್ತ ಕಳಿಸುತ್ತಾರೆ. ಆ ಸಣ್ಣ ಪೈಪನ್ನು ಮೊದಲೇ ಹಾಕಿಬಿಡುವುದು ಒಳ್ಳೆಯದು ಅನ್ನುವ ಪಕ್ಷ ನನ್ನದು. ಕಾಲು ತಣ್ಣಗಾದ ಮೇಲೆ, ಬೆರಳು ಬೆಳ್ಳಗಾದ ಮೇಲೆ ಹಾಕಲು ಓಡುವುದಕ್ಕಿಂತ ಅದು ಎಷ್ಟೋ ಲೇಸು. ಹಾಕಿದ್ದರೂ ಗಂಟೆಗಂಟೆಗೆ ಪಾದ ಮುಟ್ಟಿ ನೋಡುತ್ತೇವೆ. ಎರಡೂ ಪಾದ. ಒಂದನ್ನು ಮುಟ್ಟಿದರೆ ವ್ಯತ್ಯಾಸ ತಿಳಿಯುವುದಿಲ್ಲ. ನಾಡಿ ಬೆರಳಿಗೆ ಸಿಗುವುದಿಲ್ಲ, ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಡಾಪ್ಲರ್ ಇಟ್ಟು ಸುಯ್ ಅನ್ನುವ ಸದ್ದು ಕೇಳಬೇಕು.

ಈಗ ನನ್ನ ದೊಡ್ಡ ದೂರಿಗೆ ಬರುತ್ತೇನೆ.

ತೊಡೆಯಿಂದ ಯಂತ್ರ ತಳ್ಳುವ ರಕ್ತ ಅಯೋರ್ಟಾದಲ್ಲಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಹೃದಯ ರಕ್ತ ಕಳಿಸುವ ದಿಕ್ಕಿಗೆ ಸರಿಯಾಗಿ ಎದುರು. ಸೋತ ಎಡ ಕೆಳಕೋಣೆ ತನ್ನಲ್ಲಿರುವ ರಕ್ತವನ್ನು ಹೊರಗೆ ಕಳಿಸಬೇಕಾದರೆ ಈ ಒತ್ತಡವನ್ನು ಮೀರಬೇಕು. ನಿತ್ರಾಣವಾದವನು ಒಳಗಿಂದ ಬಾಗಿಲು ತಳ್ಳುತ್ತಿದ್ದಾಗ ಹೊರಗಿಂದ ನಾಲ್ಕು ಜನ ಒತ್ತಿ ಹಿಡಿದ ಹಾಗೆ. ಅಯೋರ್ಟಾದ ವಾಲ್ವ್ ತೆರೆಯುವುದೇ ನಿಲ್ಲುತ್ತದೆ. ಶ್ವಾಸಕೋಶದಿಂದ, ಹೃದಯದ ಗೋಡೆಯಿಂದ ಸ್ವಲ್ಪ ಸ್ವಲ್ಪ ರಕ್ತ ಬಂದು ಸೇರುತ್ತಲೇ ಇರುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಕೋಣೆ ಉಬ್ಬುತ್ತದೆ. ಸ್ನಾಯು ಹಿಗ್ಗಿ ಇನ್ನಷ್ಟು ಸೋಲುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನಿಂತ ರಕ್ತ ಹೆಪ್ಪುಗಟ್ಟುತ್ತದೆ, ಮತ್ತು ಆ ಹೆಪ್ಪು ಹೃದಯ ಚೇತರಿಸಿಕೊಂಡ ದಿನವೇ ಮಿದುಳಿಗೆ ಹಾರಬಹುದು. ಇಷ್ಟೆಲ್ಲ ನಡೆಯುವಾಗ ಯಂತ್ರದ ಪರದೆಯಲ್ಲಿ ಹರಿವು 4.2 ಲೀಟರ್, ಎಲ್ಲ ಅಂಕಿ ಹಸಿರು. ಯಂತ್ರಕ್ಕೆ ಹೃದಯ ಕಾಣುವುದಿಲ್ಲ.

ಕಾಣಬೇಕಾದದ್ದು ನಮಗೆ. ಕೈಯ ನಾಡಿಯಲ್ಲಿ ಹಾಕಿದ ಬಿಪಿಯ ಗೆರೆ ಪೂರ್ತಿ ಚಪ್ಪಟೆ ಆಗಿದೆಯಾ, ಇಲ್ಲ ಸಣ್ಣ ಗುಡ್ಡಗಳಾದರೂ ಇವೆಯಾ? ಗುಡ್ಡ ಇದ್ದರೆ ವಾಲ್ವ್ ತೆರೆಯುತ್ತಿದೆ ಅಂತ ಅರ್ಥ. ಚಪ್ಪಟೆಯಾದರೆ ಎಕೋ ಮಾಡಿ ಎಂದು ಡಾಕ್ಟರನ್ನು ಎಬ್ಬಿಸಬೇಕು, ಬೆಳಗಿನವರೆಗೆ ಕಾಯುವ ವಿಷಯ ಅಲ್ಲ. ಗೆರೆ ಚಪ್ಪಟೆಯಾಗಿ, ಶ್ವಾಸನಾಳದಿಂದ ಗುಲಾಬಿ ಬಣ್ಣದ ನೊರೆ ಬರಲು ಶುರುವಾದರೆ ಆಗಲೇ ತಡವಾಗಿದೆ. ಪರಿಹಾರಗಳು ಇವೆ. ಹರಿವನ್ನು ದೇಹಕ್ಕೆ ಸಾಕಾಗುವಷ್ಟಕ್ಕೆ ಮಾತ್ರ ಇಳಿಸಬಹುದು. ಹೃದಯದ ಔಷಧಿ ಸ್ವಲ್ಪ ಇಟ್ಟುಕೊಂಡು ವಾಲ್ವ್ ತೆರೆಯುವಂತೆ ನೋಡಿಕೊಳ್ಳಬಹುದು. ಬಲೂನ್ ಪಂಪ್ ಸೇರಿಸಬಹುದು. ಇಂಪೆಲ್ಲಾ ಎಂಬ ಪುಟ್ಟ ಪಂಪನ್ನು ಎಡ ಕೋಣೆಯೊಳಗೇ ಇಳಿಸಿ ರಕ್ತ ಹೊರಗೆ ತೆಗೆಯಬಹುದು. ಎದೆ ತೆರೆದಿದ್ದರೆ ಸರ್ಜನ್ ಎಡ ಕೋಣೆಗೇ ಒಂದು ಪೈಪ್ ಹಾಕಿ ಅದನ್ನು ಎಕ್ಮೋ ಪೈಪಿಗೆ ಸೇರಿಸಬಹುದು. ಯಾವುದು ಉತ್ತಮ ಅಂತ ಈಗಲೂ ಚರ್ಚೆ ಇದೆ. ಆದರೆ ಏನೂ ಮಾಡದೆ ಪರದೆಯ ಹಸಿರು ಅಂಕಿ ನೋಡುತ್ತಾ ಕೂರುವುದು ತಪ್ಪು ಅನ್ನುವುದರಲ್ಲಿ ಚರ್ಚೆ ಇಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ತೊಂದರೆ ಇದೆ. ಹೃದಯ ಚೇತರಿಸಿಕೊಳ್ಳಲು ಶುರು ಮಾಡಿತು, ಆದರೆ ಶ್ವಾಸಕೋಶ ಇನ್ನೂ ಕೆಟ್ಟಿದೆ ಅಂದುಕೊಳ್ಳಿ. ಆಗ ಹೃದಯ ತಳ್ಳುವ ರಕ್ತದಲ್ಲಿ ಆಮ್ಲಜನಕ ಕಡಿಮೆ. ಅದು ಮೊದಲು ಹೋಗುವುದು ಹೃದಯದ ಸ್ವಂತ ನಾಳಗಳಿಗೆ, ಬಲಗೈಗೆ, ಮಿದುಳಿಗೆ. ಯಂತ್ರದ ಒಳ್ಳೆಯ ರಕ್ತ ಹೊಟ್ಟೆ, ಕಾಲುಗಳ ಮಟ್ಟಕ್ಕೇ ನಿಲ್ಲುತ್ತದೆ. ಕಾಲ್ಬೆರಳಿಗೆ ಆಕ್ಸಿಜನ್ ಮೀಟರ್ ಹಾಕಿದರೆ 100 ತೋರಿಸುತ್ತದೆ, ಮಿದುಳಿಗೆ ಹೋಗುತ್ತಿರುವುದು ಕಪ್ಪು ರಕ್ತ. ಅದಕ್ಕೇ ಮೀಟರ್ ಬಲಗೈಗೇ ಇರಬೇಕು, ರಕ್ತ ಪರೀಕ್ಷೆಯ ಸ್ಯಾಂಪಲ್ಲೂ ಬಲಗೈಯಿಂದಲೇ. ಹೊಸದಾಗಿ ಸೇರಿದವರಿಗೆ ನಾನು ಬೇರೆ ಏನು ಕಲಿಸಲು ಮರೆತರೂ ಇದನ್ನು ಮರೆಯುವುದಿಲ್ಲ. ಸುಮ್ನೆ ಪಕ್ಕದಲ್ಲಿ ಸಿಕ್ಕ ಬೆರಳಿಗೆ ಕ್ಲಿಪ್ ಹಾಕಬೇಡಿ.

ರಕ್ತಸ್ರಾವದ ವಿಷಯ. ಪ್ಲಾಸ್ಟಿಕ್ ತಾಗಿದ ರಕ್ತ ಹೆಪ್ಪುಗಟ್ಟಲು ನೋಡುತ್ತದೆ, ಅದನ್ನು ತಡೆಯಲು ಹೆಪಾರಿನ್ ಕೊಡಬೇಕು. ಆದರೆ ರೋಗಿ ಆಗತಾನೇ ಹೃದಯದ ಆಪರೇಷನ್ ಆದವರು, ಎಲ್ಲ ಹೊಲಿಗೆಗಳೂ ಹಸಿ. ಹಾರ್ಟ್-ಲಂಗ್ ಯಂತ್ರದಲ್ಲಿ ಗಂಟೆಗಟ್ಟಲೆ ಸುತ್ತಿದ ಪ್ಲೇಟ್‌ಲೆಟ್‌ಗಳು ಸೋತಿರುತ್ತವೆ. ಹೆಪಾರಿನ್ ಕೊಟ್ಟರೆ ಎದೆಯೊಳಗೆ ಸೋರಿದ ರಕ್ತ ಹೊರಗೆ ತರುವ ಡ್ರೈನ್ ತುಂಬುತ್ತದೆ, ಕೊಡದಿದ್ದರೆ ಆಕ್ಸಿಜನೇಟರ್ ಕಟ್ಟಿಕೊಳ್ಳುತ್ತದೆ. ಹೀಗಾಗಿ ಆಪರೇಷನ್ ಆದ ಮೊದಲ ಒಂದೆರಡು ದಿನ, ರಕ್ತ ನಿಲ್ಲುವವರೆಗೆ, ಹರಿವು ಚೆನ್ನಾಗಿ ಇಟ್ಟುಕೊಂಡು ಹೆಪಾರಿನ್ ಇಲ್ಲದೆಯೇ ನಡೆಸುವುದು ಸಾಮಾನ್ಯ. ಇವತ್ತಿನ ಪೈಪುಗಳ ಒಳಗಿನ ಲೇಪದಿಂದ ಇದು ಸಾಧ್ಯವಾಗಿದೆ. ಆಮೇಲೆ ಹೆಪಾರಿನ್ ಶುರು ಮಾಡಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಅಳೆಯುವ ಪರೀಕ್ಷೆಗಳಿಂದ, ಎಸಿಟಿ 180ರಿಂದ 220 ಸೆಕೆಂಡ್ ಆಸುಪಾಸು, ಇಲ್ಲ ಎಪಿಟಿಟಿ ಮಟ್ಟ ನೋಡಿ ಹೊಂದಿಸುತ್ತಾರೆ. ಒಂದೊಂದು ಕಡೆ ಒಂದೊಂದು ಪದ್ಧತಿ. ಇಷ್ಟಾದರೂ ಎದೆ ಮತ್ತೆ ತೆರೆದು ರಕ್ತ ನಿಲ್ಲಿಸಬೇಕಾಗಿ ಬರುವುದು ಅಪರೂಪವೇನಲ್ಲ. ಎರಡನೇ ಸಲ ಥಿಯೇಟರಿಗೆ ಕರೆದೊಯ್ಯುತ್ತಿದ್ದೇವೆ ಅಂದ ಕೂಡಲೇ ಮನೆಯವರು ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಈ ದಾರಿಯಲ್ಲಿ ಬರುವ ಒಂದು ಹಂತ ಅದು.

ರಾತ್ರಿ ಟಾರ್ಚ್ ಹಿಡಿದು ಆಕ್ಸಿಜನೇಟರಿನ ಮೂಲೆ ಮೂಲೆ ನೋಡುತ್ತೇವೆ. ಕಪ್ಪು ಚುಕ್ಕೆ, ಬಿಳಿ ಎಳೆ ಕಂಡರೆ ಅದು ಹೆಪ್ಪು. ಎಲ್ಲಿ, ಎಷ್ಟು ಅಂತ ಚಾರ್ಟಿನಲ್ಲಿ ಚಿತ್ರ ಬರೆದು ಇಡುತ್ತೇವೆ, ಮುಂದಿನ ಪಾಳಿಯವರು ಹೋಲಿಸಿ ನೋಡಲಿ ಅಂತ. ಡಬ್ಬಿಯ ಮುಂದಿನ ಮತ್ತು ಹಿಂದಿನ ಒತ್ತಡದ ಅಂತರ ಏರುತ್ತಾ ಹೋದರೆ ಒಳಗೆ ಕಟ್ಟಿಕೊಳ್ಳುತ್ತಿದೆ ಅಂತ. ಇನ್ನೊಂದು ಸೂಚನೆ ಪೈಪಿನ ನಡುಕ. ರಕ್ತ ತೆಗೆಯುವ ಪೈಪ್ ಇದ್ದಕ್ಕಿದ್ದಂತೆ ಪಟಪಟ ಅಲುಗಾಡಲು ಶುರು ಮಾಡುತ್ತದೆ. ಪಂಪ್ ಎಳೆಯುತ್ತಿದೆ, ಎಳೆಯಲು ಒಳಗೆ ರಕ್ತ ಸಾಲದು ಅಂತ ಅರ್ಥ. ರಕ್ತಸ್ರಾವ ಆಗುತ್ತಿರಬಹುದು, ಹೃದಯದ ಸುತ್ತ ರಕ್ತ ತುಂಬಿ ಒತ್ತುತ್ತಿರಬಹುದು, ಪೈಪ್ ಮಡಚಿರಬಹುದು, ರೋಗಿ ಕೆಮ್ಮಿರಬಹುದು. ಆಗ ಪಂಪಿನ ವೇಗ ಹೆಚ್ಚಿಸಲು ಕೈ ಹೋಗುವುದು ಸಹಜ. ಆದರೆ ಹೆಚ್ಚಿಸಿದರೆ ನಡುಕ ಇನ್ನೂ ಜಾಸ್ತಿ ಆಗುತ್ತದೆ, ರಕ್ತಕಣ ಒಡೆಯುತ್ತದೆ. ವೇಗ ಸ್ವಲ್ಪ ಇಳಿಸಿ ಕಾರಣ ಹುಡುಕಬೇಕು.

ಪಂಪೇ ನಿಂತರೆ? ನಿಲ್ಲುವುದು ಅಪರೂಪ, ಬ್ಯಾಟರಿಯೂ ಇರುತ್ತದೆ. ಆದರೂ ಪ್ರತಿ ಯಂತ್ರದ ಪಕ್ಕ ಕೈಯಿಂದ ತಿರುಗಿಸುವ ಹ್ಯಾಂಡಲ್ ಮತ್ತು ಪೈಪನ್ನು ಅದುಮಿ ಮುಚ್ಚುವ ಕ್ಲಾಂಪ್‌ಗಳು ನೇತಾಡುತ್ತಿರಬೇಕು. ಹೃದಯಕ್ಕೆ ಆಸರೆ ಕೊಡುವ ಎಕ್ಮೋದಲ್ಲಿ ಪಂಪ್ ನಿಂತರೆ ರಕ್ತ ಹಿಮ್ಮುಖವಾಗಿ ಹರಿಯಲು ಶುರುವಾಗುತ್ತದೆ. ಅದಕ್ಕೇ ಮೊದಲು ದೇಹಕ್ಕೆ ವಾಪಸ್ ಹೋಗುವ ಪೈಪಿಗೆ ಕ್ಲಾಂಪ್, ಆಮೇಲೆ ಹ್ಯಾಂಡಲ್, ಹ್ಯಾಂಡಲ್ ವೇಗ ಹಿಡಿದ ಮೇಲೆ ಕ್ಲಾಂಪ್ ಬಿಡುವುದು. ಕಾಗದದ ಮೇಲೆ ಓದಿದರೆ ಸುಲಭ. ಅಭ್ಯಾಸ ಮಾಡದ ಕೈಗೆ ಆ ಕ್ಷಣದಲ್ಲಿ ಏನೂ ತೋಚುವುದಿಲ್ಲ. ನಿಯಮಿತವಾಗಿ ನೀರು ತುಂಬಿದ ಪೈಪುಗಳಲ್ಲಿ ಇದನ್ನು ಅಭ್ಯಾಸ ಮಾಡಿಸುವ ಐಸಿಯುಗೆ ನನ್ನ ಕಡೆಯಿಂದ ಪೂರ್ತಿ ಅಂಕ. ಯಂತ್ರ ಕೊಂಡು ಇಟ್ಟು, ತರಬೇತಿಯನ್ನು ಒಂದು ದಿನದ ಕಾರ್ಯಕ್ರಮದಲ್ಲಿ ಮುಗಿಸುವ ಕಡೆ ನನ್ನ ಮನೆಯವರನ್ನು ನಾನು ಒಪ್ಪಿಸುವುದಿಲ್ಲ.

ಫಲಿತಾಂಶದ ಅಂಕಿ ಹೇಳದೆ ರಿವ್ಯೂ ಪೂರ್ತಿ ಆಗುವುದಿಲ್ಲ. ಹೃದಯದ ಆಪರೇಷನ್ ಆದಮೇಲೆ ಎಕ್ಮೋ ಬೇಕಾದ ದೊಡ್ಡವರಲ್ಲಿ 100ಕ್ಕೆ ಸುಮಾರು 35ರಿಂದ 40 ಜನ ಆಸ್ಪತ್ರೆಯಿಂದ ಮನೆಗೆ ಹೋಗುತ್ತಾರೆ. ಅಂಕಿ ಚಿಕ್ಕದಾಗಿ ಕಾಣುತ್ತದೆ. ಆದರೆ ಇವರಲ್ಲಿ ಹಲವರು ಹಾರ್ಟ್-ಲಂಗ್ ಯಂತ್ರದಿಂದ ಹೊರಬರಲಾಗದವರು, ಎಕ್ಮೋ ಇಲ್ಲದಿದ್ದರೆ ಅಂಥವರಲ್ಲಿ ಹೆಚ್ಚಿನವರು ಥಿಯೇಟರಿನಲ್ಲೇ ತೀರಿಕೊಳ್ಳುತ್ತಿದ್ದರು. ಇನ್ನೊಂದು ಮಾತು, ಯಂತ್ರದಿಂದ ಬಿಡಿಸಿಕೊಂಡವರೆಲ್ಲ ಮನೆ ಸೇರುವುದಿಲ್ಲ. ಕಿಡ್ನಿ ಸೋತಿರುತ್ತದೆ, ಸೋಂಕು ಬರುತ್ತದೆ, ಪಾರ್ಶ್ವವಾಯು ಆಗುತ್ತದೆ. ಡಯಾಲಿಸಿಸ್ ಬೇಕಾಗುವವರು ಬಹಳ. ವಯಸ್ಸು ಹೆಚ್ಚಾದಷ್ಟು, ಹಾಕುವ ಮೊದಲೇ ರಕ್ತದಲ್ಲಿ ಲ್ಯಾಕ್ಟೇಟ್ ಏರಿದಷ್ಟು ಅವಕಾಶ ಕಡಿಮೆ. ಲ್ಯಾಕ್ಟೇಟ್ ಏರುವುದು ಅಂದರೆ ಅಂಗಾಂಗಗಳಿಗೆ ಆಗಲೇ ರಕ್ತ ಸಾಲದೆ ಹೋಗಿದೆ ಅಂತ. ಹಾಗಾಗಿ ಎಕ್ಮೋ ಬೇಕು ಅನಿಸಿದರೆ ಬೇಗ ಹಾಕಬೇಕು. ಐದು ತರದ ಔಷಧಿ ಏರಿಸಿ ಏರಿಸಿ ಮಧ್ಯರಾತ್ರಿ ಹೃದಯ ನಿಂತ ಮೇಲೆ ಹಾಕಿದರೆ ಅದೇ ಯಂತ್ರ, ಅದೇ ತಂಡ, ಫಲಿತಾಂಶ ಮಾತ್ರ ಬೇರೆ.

ಬೇಗ ಹಾಕಿ ಅಂದೆ ಅಂತ ಎಲ್ಲರಿಗೂ ಹಾಕಿ ಅಂತ ಅರ್ಥ ಅಲ್ಲ. 2023ರಲ್ಲಿ ಬಂದ ಇಸಿಎಲ್‌ಎಸ್-ಶಾಕ್ ಅಧ್ಯಯನದಲ್ಲಿ ಹಾರ್ಟ್ ಅಟ್ಯಾಕ್‌ನಿಂದ ಶಾಕ್‌ಗೆ, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿಗೆ, ಹೋದವರನ್ನು ಎರಡು ಗುಂಪು ಮಾಡಿ ನೋಡಿದರು. ಎಕ್ಮೋ ಗುಂಪಿನಲ್ಲಿ 30 ದಿನದೊಳಗೆ ತೀರಿಕೊಂಡವರು 47.8 ಶೇಕಡಾ, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 49. ವ್ಯತ್ಯಾಸ ಇಲ್ಲ ಅನ್ನಬಹುದು. ರಕ್ತಸ್ರಾವ ಮತ್ತು ಕಾಲಿನ ರಕ್ತನಾಳದ ತೊಂದರೆ ಮಾತ್ರ ಎಕ್ಮೋದಲ್ಲಿ ಹೆಚ್ಚು. ಅವರು ಆಪರೇಷನ್ ಆದ ರೋಗಿಗಳಲ್ಲ, ಲೆಕ್ಕ ನೇರ ಇಲ್ಲಿಗೆ ಹೊಂದುವುದಿಲ್ಲ. ಆದರೂ ನನಗೆ ಅದರಿಂದ ಒಂದು ವಿಷಯ ಖಚಿತವಾಯಿತು. ಹರಿವು ಕೊಟ್ಟ ಮಾತ್ರಕ್ಕೆ ಹೃದಯ ಉಳಿಯುವುದಿಲ್ಲ.

ಬದಲಿ ಏನಿದೆ ಅಂತ ಕೇಳುವವರಿಗೆ ಚಿಕ್ಕದಾಗಿ. ಬಲೂನ್ ಪಂಪ್ 1960ರ ದಶಕದ ಕೊನೆಯಿಂದ ಇದೆ, ಹಾಕಲು ಸುಲಭ, ಆದರೆ ಕೊಡುವ ಸಹಾಯ ಸಣ್ಣದು. ಇಂಪೆಲ್ಲಾ ಎಡ ಹೃದಯಕ್ಕೆ ಒಳ್ಳೆಯದು, ಶ್ವಾಸಕೋಶದ ಕೆಲಸ ಮಾಡುವುದಿಲ್ಲ. ಹೃದಯ ಗಟ್ಟಿಯಿದ್ದು ಶ್ವಾಸಕೋಶ ಮಾತ್ರ ಸೋತಿದ್ದರೆ ಸಿರೆಯಿಂದ ತೆಗೆದು ಸಿರೆಗೇ ಕೊಡುವ ಎಕ್ಮೋ ಸಾಕು, ಅದರಲ್ಲಿ ಮೇಲೆ ಹೇಳಿದ ಎದುರು ಒತ್ತಡದ ಸಮಸ್ಯೆಯೂ ಇಲ್ಲ. ಎರಡೂ ಒಟ್ಟಿಗೆ ಸೋತಾಗ, ಅದೂ ಗಂಟೆಯೊಳಗೆ ಆಸರೆ ಬೇಕಾದಾಗ, ಎಕ್ಮೋದಷ್ಟು ಬೇಗ ಪೂರ್ತಿ ಆಸರೆ ಕೊಡುವುದು ಬೇರೆ ಇಲ್ಲ.

ಬಿಡಿಸುವ ದಿನದ ಬಗ್ಗೆ ಹೇಳಲು ನನಗೆ ಖುಷಿ. ಚಪ್ಪಟೆಯಾಗಿದ್ದ ಗೆರೆಯಲ್ಲಿ ಗುಡ್ಡ ಏಳುತ್ತದೆ, ದಿನದಿನಕ್ಕೆ ಎತ್ತರವಾಗುತ್ತದೆ. ಔಷಧಿ ಕಡಿಮೆ ಮಾಡಿದರೂ ಬಿಪಿ ನಿಲ್ಲುತ್ತದೆ. ಆಗ ಹರಿವನ್ನು ಅರ್ಧ ಅರ್ಧ ಲೀಟರ್ ಇಳಿಸುತ್ತಾ ಒಂದು, ಒಂದೂವರೆ ಲೀಟರಿಗೆ ತಂದು ಎಕೋದಲ್ಲಿ ನೋಡುತ್ತಾರೆ. ಎಡ ಕೋಣೆಯ ಇಎಫ್ (ಒಂದು ಬಡಿತಕ್ಕೆ ಕೋಣೆಯ ರಕ್ತದಲ್ಲಿ ಎಷ್ಟು ಪಾಲು ಹೊರಗೆ ಹೋಗುತ್ತದೆ ಅನ್ನುವ ಅಳತೆ) 20-25 ಶೇಕಡಾ ದಾಟಿದೆಯಾ, ಅಯೋರ್ಟಾ ಬಾಯಿಯಲ್ಲಿ ರಕ್ತ ಮುಂದೆ ಹೋಗುವ ಅಳತೆ 10 ಸೆಂಟಿಮೀಟರ್ ದಾಟಿದೆಯಾ, ಬಲ ಕೋಣೆ ಉಬ್ಬುತ್ತಿಲ್ಲವಾ. ಇಎಫ್ 25 ಅಂದರೆ ಹೊರಗಿನವರಿಗೆ ತುಂಬಾ ಕಡಿಮೆ ಅನಿಸುತ್ತದೆ. ಯಂತ್ರದಿಂದ ಇಳಿಯಲು ಅಷ್ಟು ಸಾಕು, ಉಳಿದದ್ದು ಆಮೇಲೆ ಬರುತ್ತದೆ. ಹರಿವು ಕಡಿಮೆ ಮಾಡಿದ ಹೊತ್ತಿನಲ್ಲಿ ಪೈಪಿನಲ್ಲಿ ಹೆಪ್ಪು ಕಟ್ಟುವ ಭಯ ಜಾಸ್ತಿ, ಅದಕ್ಕೆ ಆ ಪರೀಕ್ಷೆ ಹೊತ್ತಿನಲ್ಲಿ ಹೆಪಾರಿನ್ ಮಟ್ಟ ಸರಿಯಾಗಿರಬೇಕು, ಪರೀಕ್ಷೆಯನ್ನು ಸುಮ್ನೆ ಉದ್ದ ಎಳೆಯಬಾರದು.

ಏಳದಿದ್ದರೆ? ಈ ಮಾತು ಯಾರಿಗೂ ಇಷ್ಟವಿಲ್ಲ, ಆದರೆ ಸೇವೆಯ ಗುಣಮಟ್ಟ ಗೊತ್ತಾಗುವುದು ಇಲ್ಲೇ. ಹೆಚ್ಚಾಗಿ ಮೂರರಿಂದ ಏಳು ದಿನದಲ್ಲಿ ದಿಕ್ಕು ತಿಳಿಯುತ್ತದೆ. ಒಂದು ವಾರವಾದರೂ ಗೆರೆ ಚಪ್ಪಟೆ ಇದ್ದರೆ, ಹೃದಯಕ್ಕೆ ಜೋಡಿಸಿ ಶಾಶ್ವತವಾಗಿ ಕೂರಿಸುವ ಪಂಪ್, ಇಲ್ಲ ಹೃದಯ ಕಸಿ, ಇಲ್ಲ ನಿಲ್ಲಿಸುವುದು, ಇಷ್ಟೇ ದಾರಿ. ಪಂಪಿಗೂ ಕಸಿಗೂ ಎಲ್ಲರೂ ಅರ್ಹರಾಗಿರುವುದಿಲ್ಲ. ಮೊದಲ ದಿನವೇ ಮನೆಯವರನ್ನು ಕೂರಿಸಿ, ಇದು ಕಾಯಿಲೆ ವಾಸಿ ಮಾಡುವುದಿಲ್ಲ, ಹೃದಯಕ್ಕೆ ಕೆಲವು ದಿನ ಕೊಡುತ್ತದೆ, ಆ ದಿನಗಳಲ್ಲಿ ಎದ್ದರೆ ಬಿಡಿಸುತ್ತೇವೆ, ಏಳದಿದ್ದರೆ ಮತ್ತೆ ನಿಮ್ಮೊಡನೆ ಕೂತು ಮಾತಾಡುತ್ತೇವೆ ಅಂತ ಹೇಳಿಬಿಡಬೇಕು. ಹೇಳದೆ ಇದ್ದರೆ, ಹತ್ತನೇ ದಿನ ಯಂತ್ರ ನಿಲ್ಲಿಸುವ ಮಾತು ಬಂದಾಗ ಮನೆಯವರಿಗೆ ತಾವೇ ಸಾಯಿಸಿದ ಹಾಗೆ ಅನಿಸುತ್ತದೆ. ಆ ಭಾರ ಅವರ ಮೇಲೆ ಹೊರಿಸುವುದು ಅನ್ಯಾಯ. ನಿರ್ಧಾರ ಡಾಕ್ಟರುಗಳ ತಂಡದ್ದು, ಮನೆಯವರು ಹೇಳಬೇಕಾದದ್ದು ರೋಗಿ ಏನು ಬಯಸುತ್ತಿದ್ದರು ಅನ್ನುವುದನ್ನು.

ಮನೆಯವರೇ, ನೀವು ಒಳಗೆ ಬಂದಾಗ ಕೇಳಬಹುದಾದ ಕೆಲವು ಪ್ರಶ್ನೆಗಳಿವೆ. ಕೇಳಿದರೆ ಯಾರೂ ತಪ್ಪು ತಿಳಿಯಬಾರದು, ತಿಳಿದರೆ ಅದು ಅವರ ಸಮಸ್ಯೆ. ಇವತ್ತು ವಾಲ್ವ್ ತೆರೆಯುತ್ತಿದೆಯಾ? ಎಡ ಕೋಣೆ ಉಬ್ಬದಂತೆ ಏನು ಮಾಡಿದ್ದೀರಿ? ಕಾಲು ಬೆಚ್ಚಗಿದೆಯಾ, ಸಣ್ಣ ಪೈಪ್ ಹಾಕಿದ್ದೀರಾ? ಬಲಗೈಯ ಆಕ್ಸಿಜನ್ ಎಷ್ಟು? ಲ್ಯಾಕ್ಟೇಟ್ ಇಳಿಯುತ್ತಿದೆಯಾ? ಬಿಡಿಸುವ ಪ್ರಯತ್ನ ಯಾವಾಗ? ಈ ಪಾಳಿಯಲ್ಲಿ ಯಂತ್ರವನ್ನೇ ನೋಡಿಕೊಳ್ಳಲು ಒಬ್ಬರು ಇದ್ದಾರಾ? ಇವಕ್ಕೆ ತಡವರಿಸದೆ ಉತ್ತರ ಬಂದರೆ ನಿಮ್ಮವರು ಒಳ್ಳೆಯ ಕೈಯಲ್ಲಿದ್ದಾರೆ. ಮತ್ತೆ ಒಂದು ಮಾತು, ಅವರ ಕೈ ಹಿಡಿದುಕೊಳ್ಳಿ, ಮಾತಾಡಿಸಿ. ಪೈಪುಗಳನ್ನು ನೋಡಿ ಹೆದರಿ ದೂರ ನಿಲ್ಲಬೇಡಿ. ಎಲ್ಲಿ ಮುಟ್ಟಬಹುದು ಅಂತ ನಾವು ತೋರಿಸುತ್ತೇವೆ.

ಯಂತ್ರದಿಂದ ಇಳಿದ ಮೇಲೂ ಕೆಲಸ ಇದೆ. ತೋಳು ಕಾಲುಗಳ ಸ್ನಾಯು ಕರಗಿರುತ್ತದೆ, ಕೂರಲೂ ಇಬ್ಬರು ಹಿಡಿಯಬೇಕು. ರಾತ್ರಿ ಗೊಂದಲ, ಹೆದರಿಕೆ, ಇಲ್ಲದ್ದು ಕಾಣುವುದು ಸಾಮಾನ್ಯ, ಹೆಚ್ಚಿನವರಲ್ಲಿ ನಿಧಾನಕ್ಕೆ ಕಡಿಮೆಯಾಗುತ್ತದೆ. ಫಿಸಿಯೋಥೆರಪಿ ಬೇಗ ಶುರುವಾಗಬೇಕು, ಡಿಸ್ಚಾರ್ಜ್ ಆದಮೇಲೆ ನಿಲ್ಲಿಸಬಾರದು. ತೊಡೆಸಂದಿಯ ಗಾಯದಲ್ಲಿ ಕೆಂಪು, ಕೀವು, ಗಂಟು ಕಂಡರೆ ತೋರಿಸಿ. ಪೈಪ್ ಇದ್ದ ಸಿರೆಯಲ್ಲಿ ಹೆಪ್ಪು ಉಳಿಯುವುದು ಬಹಳ ಜನರಲ್ಲಿ ಆಗುತ್ತದೆ, ಆದ್ದರಿಂದ ಬಿಡಿಸಿದ ಮೇಲೆ ಒಮ್ಮೆ ಕಾಲಿನ ಡಾಪ್ಲರ್ ಸ್ಕ್ಯಾನ್ ಮಾಡಿದ್ದಾರಾ ಅಂತ ಕೇಳಿ. ಮನೆಗೆ ಬಂದ ಮೇಲೆ ಆ ಕಾಲು ಊದಿದರೆ, ಮೀನಖಂಡ ನೋಯಲು ಶುರುವಾದರೆ, ಮುಂದಿನ ಚೆಕಪ್ ದಿನಕ್ಕೆ ಕಾಯದೆ ಅವತ್ತೇ ಹೋಗಿ ತೋರಿಸಿ.